ರಾಜೇಶ್ವರಿ ಮೇಡಮ್ಮರ ಕರಿ ಗಿಡ

ಗಿಡ ಬಾಡಿರಲಿಲ್ಲ. ಹದಿನಾರು ದಿನ ಒಂದು ಹನಿ ನೀರು ಕಾಣದ ಗಿಡ ಬಾಡಲೇಬೇಕು. ಹದಿನೆಂಟು ವರ್ಷಗಳಿಂದ ರತ್ನಮಾಲಾ ಹುಮನಾಬಾದಿನ ಹುಡುಗಿಯರಿಗೆ ಹಾಗೆಂದೇ ಪಾಠ ಹೇಳಿದ್ದಾಳೆ. ಬೋರ್ಡಿನ ಮೇಲೆ ಬೇರು ಬರೆದು, ಕಾಂಡ ಬರೆದು, ನೀರು ಮೇಲೇರುವುದನ್ನು ನೀಲಿ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದಾಳೆ. ಆದರೆ ಬಸವಕಲ್ಯಾಣದ ಈ ಎರಡು ಖೋಲಿಯ ಮನೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರಿನ ಹಿಂದೆ ಅವಳು ಬೇಕೆಂದೇ ತಳ್ಳಿಟ್ಟಿದ್ದ ರಾಜೇಶ್ವರಿ ಮೇಡಮ್ಮರ ಗಿಡ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡವರ ಹಾಗೆ ಮಿರಮಿರ ಮಿಂಚುತ್ತಿತ್ತು. ದಪ್ಪ ದಂಟುಗಳು ಏಳು. ಒಂದೊಂದು ದಂಟಿಗೂ ಎರಡು ಸಾಲಾಗಿ ಎಲೆಗಳು, ಹಸಿರಲ್ಲ, ನೇರಳೆಹಣ್ಣಿನ ಕಪ್ಪು. ಬಿಳಿ ಪಿಂಗಾಣಿಯ ಕುಂಡದಲ್ಲಿ ಆ ಕಪ್ಪು ಇನ್ನಷ್ಟು ಎದ್ದು ಕಾಣುತ್ತಿತ್ತು. ರತ್ನಮಾಲಾ ಚಹದ ಬಟ್ಟಲು ಹಿಡಿದುಕೊಂಡೇ ಬಗ್ಗಿ, ಒಂದು ಎಲೆಗೆ ಉಗುರು ಒತ್ತಿದಳು. ಗಟ್ಟಿಯಾಗಿತ್ತು. ಒತ್ತಿದ ಗುರುತು ಕೂಡ ಸರಿಯಾಗಿ ಮೂಡಲಿಲ್ಲ. "ಸಾಯಿ," ಎಂದಳು. ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕೂತಿದ್ದ ತಾಯಿ ದ್ರೌಪತಿ ಮೊರ ಆಡಿಸುವುದನ್ನು ನಿಲ್ಲಿಸಿ, "ಯಾರಿಗಿ ಬೈಯಾಕತ್ತಿ ಮುಂಜಾನಿ ಎದ್ದು?" ಎಂದಳು. "ಯಾರಿಗೂ ಇಲ್ಲ" ಎಂದು ಮಗಳು ಚಹ ಮುಗಿಸಿದಳು.

ಶಾಲೆಗೆ ಬೇಸಿಗೆ ಸೂಟಿ ಬಿಟ್ಟ ದಿನ, ಎಲ್ಲ ಟೀಚರುಗಳೂ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಹೊರಡುವ ಹೊತ್ತಿಗೆ ಹೆಡ್‌ಮೇಡಂ ರಾಜೇಶ್ವರಿಯವರು ಗಿಡದ ಮಾತು ತೆಗೆದಿದ್ದರು. ಮಗಳ ಬಾಣಂತನಕ್ಕೆ ಅವರು ಪುಣೆಗೆ ಹೋಗುವವರಿದ್ದರು. ಶಾಲೆಯಲ್ಲೇ ಬಿಟ್ಟರೆ ಜವಾನ ಅಮೋಘಸಿದ್ದಪ್ಪ ಬಕೆಟ್ಟುಗಟ್ಟಲೆ ಸುರಿದು ಕೊಲ್ಲುತ್ತಾನೆ, ಹಿಂದಿನ ಎರಡು ಗಿಡ ಹಾಗೇ ಹೋದವು. "ಇದು ಹೈದರಾಬಾದಿಂದ ತರಿಸೀನ್ರಿ. ಬ್ಲ್ಯಾಕ್ ಅಂದ್ರ ಬ್ಲ್ಯಾಕ್, ಎಲ್ಲೂ ಸಿಗೂದಿಲ್ಲ. ರತ್ನಮಾಲಾ ಅವರೇ, ನೀವು ಬಯಾಲಜಿಯವರು. ನಿಮ್ಮ ಕೈಗಿ ಒಪ್ಪಿಸ್ತೀನಿ ನೋಡ್ರಿ." ನಿಮ್ಮ ಕೈಗೆ. ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ಈ ಕೈಯನ್ನು ಅವರು ಯಾವತ್ತು ನೋಡಿದ್ದರು? ಹಾಜರಿ ಪುಸ್ತಕ ಕೊಡುವಾಗ ಮೇಜಿನ ಮೇಲೆ ಇಟ್ಟು ಈಚೆ ಸರಿಸುವ ಮನುಷ್ಯರು, ಗಿಡ ಒಪ್ಪಿಸುವಾಗ ಮಾತ್ರ ಕೈ ಕಂಡಿತೇನು? ಇಷ್ಟೆಲ್ಲ ಮನಸ್ಸಿಗೆ ಬರುವ ಮೊದಲೇ ಅವಳ ಬಾಯಿ "ಆಗ್ಲಿ ಮೇಡಂ" ಎಂದುಬಿಟ್ಟಿತ್ತು. ಅವಳ ಜಡ್ಡೇ ಅದು. ಮನಸ್ಸು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಬಾಯಿ ಹೋಗಿ ಬಂದಿರುತ್ತದೆ. ಕುಂಡವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್ ನಕ್ಕು, "ನಿಮಗ ಫ್ರೀ ಅದರಿ ಮೇಡಂ, ಇದಕ್ಕ ಟಿಕೆಟ್ ಆಗ್ತದ" ಎಂದಿದ್ದ. ಬಸ್ಸಿನ ಹೆಂಗಸರೆಲ್ಲ ನಕ್ಕರು, ಅವಳೂ ನಕ್ಕಳು. ಸಸ್ತಾಪುರ ಬಂಗ್ಲಾ ದಾಟಿ ಊರು ಹತ್ತಿರವಾಗುವ ಹೊತ್ತಿಗೆ ಅವಳು ಗಿಡವನ್ನು ಕೊಲ್ಲುವುದೆಂದು ನಿಶ್ಚಯ ಮಾಡಿಯಾಗಿತ್ತು.

ಕೊಲ್ಲುವ ನಿಶ್ಚಯಕ್ಕೆ ಮೂರು ವರ್ಷ ವಯಸ್ಸಾಗಿತ್ತು, ಕೈಗೆ ಸಿಕ್ಕದ್ದು ಈಗ ಅಷ್ಟೆ. ಮಾಣಿಕನಗರದಲ್ಲಿ ಮೇಡಂ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿದ ದಿನ ಟೀಚರುಗಳೆಲ್ಲ ಕೂಡಿ ಗೋಡೆ ಗಡಿಯಾರ ಒಯ್ದಿದ್ದರು. ಕೊರೊನಾ ಮುಗಿದು ವರ್ಷದ ಮೇಲಾಗಿತ್ತು. ಯಾರ ಮೂಗಿನ ಮೇಲೂ ಬಟ್ಟೆ ಇರಲಿಲ್ಲ. ಸೋಫಾದ ಮೇಲೆ ಇವಳು, ಪಕ್ಕದಲ್ಲಿ ಕನ್ನಡ ಕಲಿಸುವ ಮೇಘಾ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಬಂದವರು. ಮೇಡಮ್ಮರ ಸೊಸೆ ನೀಲಿ ಹೂವಿನ ಕಪ್-ಬಸಿಗಳ ಟ್ರೇ ಹಿಡಿದುಕೊಂಡು ಬಂದಳು. ಮೇಘಾ ಒಂದು ಎತ್ತಿಕೊಂಡಳು. ರತ್ನಮಾಲಾ ಕೈ ಚಾಚಿದಳು, ಚಾಚಿದ ಕೈ ಇನ್ನೂ ಗಾಳಿಯಲ್ಲೇ ಇತ್ತು, ಪಡಸಾಲೆಯ ಪರದೆಯ ಬಳಿಯಿಂದ ಮೇಡಂ, "ಇವರಿಗಿ ಪೇಪರ್ ಕಪ್‌ನಾಗ ಕೊಡವ್ವಾ. ದಿನಾ ಬಸ್ಸಿನಾಗ ಅಡ್ಡಾಡ್ತಾರ. ಹೈಜೀನ್" ಎಂದರು. ಪ್ರೀತಿಯಿಂದಲೇ ಎಂದರು. ಸೊಸೆ ಟ್ರೇ ಹಿಂದಕ್ಕೆ ಎಳೆದುಕೊಂಡಳು. ಮೇಘಾ ಬಸಿಯಲ್ಲಿ ಚಹ ಸುರುವಿಕೊಂಡು ಅದನ್ನೇ ನೋಡುತ್ತ ಕೂತಳು. ಪೇಪರ್ ಕಪ್ ಬಂತು. ಅವಳು ಕುಡಿದಳು. ಕುಡಿದದ್ದು ಹೋಗಲಿ, ಎದ್ದು ಬರಲು ಧೈರ್ಯವಾಗಲಿಲ್ಲ ಅನ್ನಬಹುದು. ಆದರೆ ಯಾರೂ ಕೇಳದಿದ್ದರೂ, ಯಾರೂ ಅವಳ ಕಡೆ ನೋಡದಿದ್ದರೂ, ತಾನಾಗಿ ಬಾಯಿ ತೆಗೆದು, "ಛಾ ಭಾಳ ಛಲೋ ಆಗ್ಯಾದ್ರಿ ಮೇಡಂ" ಎಂದಳು. ಪೇಪರ್ ಕಪ್ಪಿಗಿಂತ ಹೆಚ್ಚಾಗಿ ಅವಳನ್ನು ಈ ಮಾತು ತಿಂದಿತ್ತು. ಮೂರು ವರ್ಷಗಳಲ್ಲಿ ರೊಟ್ಟಿ ಬಡಿಯುವಾಗ, ಹುಡುಗಿಯರ ಉತ್ತರಪತ್ರಿಕೆ ತಿದ್ದುವಾಗ, ಬಸ್ಸಿಗೆ ಕಾಯುವಾಗ ಆ ಮಾತು ಅವಳದೇ ದನಿಯಲ್ಲಿ ಬಂದು ಕಿವಿ ಹಿಂಡಿ ಹೋಗುತ್ತಿತ್ತು. ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ಹೇಗೆಂದು ಗೊತ್ತಿರಲಿಲ್ಲ. ಖಾಲಿ ಕಪ್ಪನ್ನು ಅಲ್ಲಿ ಬಿಡದೆ ಅವಳು ಟಿಫಿನ್ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು. ಅದು ಈಗಲೂ ಕಪಾಟಿನ ಮೇಲಿನ ಖಾನೆಯಲ್ಲಿ, ಅವಳ ಡಿಗ್ರಿ ಸರ್ಟಿಫಿಕೇಟುಗಳ ಹಿಂದೆ, ತಳದ ಹೊರಬದಿಗೆ ಕಂದು ಬಣ್ಣದ ಉಂಗುರ ಹೊತ್ತು ಕೂತಿದೆ. ತಾಯಿಗೆ ಈ ಸಂಗತಿ ಅವಳು ಹೇಳಿಲ್ಲ.

ತಾಯಿಗೆ ಹೇಳುವುದು ಹೇಗೆ? ದ್ರೌಪತಿಗೆ ನೀರಿನ ವಿಷಯದಲ್ಲಿ ಒಂದು ಹಟವಿತ್ತು. ಮನೆಗೆ ಯಾರೇ ಬರಲಿ, ಮೊದಲು ತಂಬಿಗೆ ತುಂಬ ನೀರು. ನಾಲ್ಕು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಅರ್ಧ ತಂಬಿಗೆ ಕೊಟ್ಟರೂ ಯಾರೂ ಏನೂ ಅನ್ನುವುದಿಲ್ಲ, ಆದರೆ ಅವಳು ತುಳುಕುವಷ್ಟು ತುಂಬಿಯೇ ಕೊಡುವವಳು. ಕೊಟ್ಟ ಮೇಲೆ ಎದುರಿಗೆ ನಿಂತು ನೋಡುವಳು. ಗ್ಯಾಸ್ ತರುವ ಸಲಾವುದ್ದೀನ್ ಒಮ್ಮೆ ಮರ್ಯಾದೆಗೆಂದು ತಂಬಿಗೆಯನ್ನು ಮೇಲೆತ್ತಿ ಬಾಯಿಗೆ ಸುರುವಿಕೊಳ್ಳಲು ಹೋದಾಗ, "ಎತ್ತಿ ಕುಡೀಬ್ಯಾಡ್ರಿ. ನಮ್ಮ ಮನ್ಯಾಗ ಕಚ್ಚೇ ಕುಡೀಬೇಕು" ಎಂದು ಗದರಿದ್ದಳು. ಅವನು ತಬ್ಬಿಬ್ಬಾಗಿ ತಂಬಿಗೆಗೆ ತುಟಿಯಿಟ್ಟು ಗಟಗಟ ಕುಡಿದ. ಅವತ್ತು ಅವನು ಹೋದ ಮೇಲೆ ದ್ರೌಪತಿ ತಂಬಿಗೆಯನ್ನು ತೊಳೆಯದೆ ಹಾಗೇ ಕೊಡದ ಮೇಲೆ ಮುಚ್ಚಿಟ್ಟಳು. ಯಾಕೆಂದು ರತ್ನಮಾಲಾ ಕೇಳಲಿಲ್ಲ. ತನ್ನ ತವರೂರು ನಾರಾಯಣಪುರದ ಬಾವಿಯ ಕಥೆಯನ್ನು ತಾಯಿ ಜೀವಮಾನದಲ್ಲಿ ಒಂದೇ ಸಲ, ಅದೂ ಬೇರೆ ಯಾರದೋ ಕಥೆ ಎಂಬಂತೆ ಹೇಳಿದ್ದಳು. ಬಾವಿಯ ಕಟ್ಟೆಯಿಂದ ದೂರ, ಬಿಸಿಲಲ್ಲಿ, ಎರಡೂ ಅಂಗೈ ಕೂಡಿಸಿ ಬಾಯಿಗೆ ಹಚ್ಚಿ, ಬಗ್ಗಿ ನಿಲ್ಲಬೇಕು. ಮೇಲಿಂದ ಹೊಯ್ಯುವವರು ಬರುವ ತನಕ. ಬಂದವರು ಮಾತಾಡುತ್ತ ಮಾತಾಡುತ್ತ ಹೊಯ್ಯುವರು, ಅರ್ಧ ಮೊಣಕೈಯಿಂದ ಇಳಿದು ಹೋಗುವುದು. ಆ ಊರಿನ ಹಳೆಯ ಗುಡಿ ನೋಡಲು ಬಂದವರಿಗೆ ಆ ಬಾವಿ ಈಗ ಕಾಣುವುದೂ ಇಲ್ಲ, ಮುಚ್ಚಿದ್ದಾರೆ. ಇಂಥ ತಾಯಿಯ ಮಗಳು, ಎರಡು ಡಿಗ್ರಿ ಓದಿದವಳು, ಸೋಫಾದ ಮೇಲೆ ಕೂತು ಚಹ ಛಲೋ ಆಗಿದೆ ಎಂದಳು.

ಇಪ್ಪತ್ತನೆಯ ದಿನ ಗಿಡ ಚಿಗುರಿತು. ಏಳು ದಂಟುಗಳ ನಡುವೆ ಮಣ್ಣು ಸೀಳಿಕೊಂಡು ಎಳೆ ಹಸಿರಿನ ಒಂದು ಮೊಳಕೆ, ಹೆಬ್ಬೆರಳುದ್ದ. ರತ್ನಮಾಲಾ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ನೀರಿಲ್ಲ, ಬಿಸಿಲಿಲ್ಲ, ದಿನಾ ಮುಂಜಾನೆ ಬೈಗುಳ, ಆದರೂ ಚಿಗುರು! ಅವಮಾನವಾಯಿತು. ಮೇಡಮ್ಮರ ಗಿಡಕ್ಕೂ ಮೇಡಮ್ಮರದೇ ಸೊಕ್ಕು. ಅವಳು ಮೊಬೈಲು ತೆಗೆದಳು. ಸೂಟಿಯ ಮೊದಲ ವಾರವೇ ಮೇಡಂ ಪುಣೆಯಿಂದ ಕಳಿಸಿದ್ದ ಮೂರು ನಿಮಿಷದ ಧ್ವನಿಸಂದೇಶ ಹಾಗೇ ಬಿದ್ದಿತ್ತು. ಆ ದನಿ ಮನೆಯೊಳಗೆ ಬರುವುದು ಬೇಡವೆಂದು ಅವಳು ಅದನ್ನು ಒತ್ತಿರಲಿಲ್ಲ. ಈಗ ಒತ್ತಿದಳು. "ರತ್ನಮಾಲಾ ಅವರೇ, ಹೇಳೂದು ಮರ್ತೆ ನೋಡ್ರಿ. ಆ ಗಿಡಕ್ಕ ನೀರು ಹಾಕಬ್ಯಾಡ್ರಿ. ಅದರ ಬೇರಿನಾಗ ಗಡ್ಡಿ ಇರ್ತಾವ, ಬಟಾಟಿ ಹಂಗ, ಅದರಾಗ ನೀರು ಕೂಡಿಸಿಕೊಂಡಿರ್ತದ. ತಿಂಗಳಿಗಿ ಒಮ್ಮಿ ಒಂದು ಸಣ್ಣ ವಾಟಗ ನೀರು ಸಾಕು. ಬಿಸಲೂ ಬ್ಯಾಡ, ಮೂಲ್ಯಾಗ ಒಗದ್ರೂ ಬೆಳೀತದ. ಹಂಗ ಬಿಟ್ಟಷ್ಟೂ ಛಲೋ..." ಮುಂದೆ ಮೊಮ್ಮಗನ ತೂಕ, ಪುಣೆಯ ಸೆಕೆ, ಸೊಸೆಯ ಮೇಲೊಂದು ದೂರು. ರತ್ನಮಾಲಾ ಕೊನೆಯ ತನಕ ಕೇಳಿದಳು. ಇಪ್ಪತ್ತು ದಿನ ಹಲ್ಲು ಕಚ್ಚಿ ಸೇಡು ತೀರಿಸಿಕೊಂಡಿದ್ದು ಮೇಡಂ ಹೇಳಿದ್ದನ್ನು ಹೇಳಿದಂತೆಯೇ ನಡೆಸಿಕೊಟ್ಟಂತಾಗಿತ್ತು. ಮೂಲೆಯನ್ನೂ ಅವರೇ ಹೇಳಿಬಿಟ್ಟಿದ್ದರು. ದ್ವೇಷ ಮಾಡಿದರೂ ಇವರ ಚಾಕರಿಯೇ ಆಗುತ್ತದಲ್ಲ ಎಂದು ಅವಳಿಗೆ ಅಳು ಬಂತು, ಅತ್ತರೆ ಅದನ್ನೂ ಗಿಡ ನೋಡುತ್ತದೆಂದು ಎದ್ದು ಹೊರಗೆ ಹೋದಳು.

ಹಾಗಾದರೆ ನೀರು ಹಾಕಿ ಕೊಲ್ಲಬಹುದು. ದಿನಾ ಒಂದು ತಂಬಿಗೆ. ಇದು ತಿಳಿದ ಮೇಲೆ ಅವಳು ಒಂದು ವಾರ ಹಾಕಲಿಲ್ಲ, ಯಾಕೆಂದು ಅವಳಿಗೇ ತಿಳಿಯಲಿಲ್ಲ. ರವಿವಾರ ಬುದ್ಧವಿಹಾರದಲ್ಲಿ ಎಲ್ಲರ ಜೊತೆ ಕೈ ಮುಗಿದು ಮೊದಲನೆಯ ಶೀಲ ಹೇಳುವಾಗ, ಜೀವ ತೆಗೆಯುವುದಿಲ್ಲ ಎಂಬಲ್ಲಿ ಅವಳ ನಾಲಗೆ ತಡವರಿಸಿತು. ಗಿಡದ ಜೀವ ಈ ಲೆಕ್ಕದಲ್ಲಿ ಬರುತ್ತದೆಯೋ ಇಲ್ಲವೋ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ, ಕೇಳಿದರೆ ನಗುತ್ತಿದ್ದರು. ಅಷ್ಟರಲ್ಲಿ ಮೊಳಕೆ ಗೇಣುದ್ದವಾಗಿ ಎಲೆ ಬಿಚ್ಚಿತ್ತು. ಎಳೆ ಎಲೆಗಳು ಎಲ್ಲ ಗಿಡಗಳ ಹಾಗೆ ಹಸಿರು. ಆಮೇಲೆ ಅಂಚಿನಿಂದ ಒಳಗೆ ನಿಧಾನವಾಗಿ ಕಪ್ಪಾಗುತ್ತ ಹೋಗುತ್ತಿದ್ದವು. ಅದನ್ನು ನೋಡಲು ಅವಳು ದಿನಕ್ಕೆರಡು ಸಲ ಸಿಲಿಂಡರು ಸರಿಸತೊಡಗಿದಳು. ಒಂದು ದಿನ ಸೆರಗಿನ ತುದಿಯಿಂದ ಎಲೆಯ ಮೇಲಿನ ಹಿಟ್ಟಿನ ಧೂಳು ಒರೆಸುತ್ತಿದ್ದೇನೆಂದು ಅರಿವಾಗಿ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ತನ್ನ ಮೈಬಣ್ಣದ ಮಾತು ಆಡಿದ ಹುಡುಗಿಯರು, ಟೀಚರುಗಳು, ನೋಡಲು ಬಂದು ಚಹ ಕುಡಿದು ಹೋದ ಗಂಡಿನ ಕಡೆಯವರು ಒಬ್ಬೊಬ್ಬರಾಗಿ ನೆನಪಾದರು. ಇಲ್ಲಿ ನೋಡಿದರೆ ಕರಿ ಎಲೆ ಬೇಕೆಂದು ಹೈದರಾಬಾದಿನಿಂದ ತರಿಸುತ್ತಾರೆ. ಎಲೆಯಾದರೆ ಕಪ್ಪು ಚೆಂದ. ಅವಳು ಸಿಲಿಂಡರನ್ನು ಮತ್ತೆ ಮುಂದಕ್ಕೆ ಸರಿಸಿ ಗಿಡವನ್ನು ಮುಚ್ಚಿದಳು.

ಮೇ ತಿಂಗಳ ಮೂರನೆಯ ವಾರ ಒಂದು ಎಲೆ ಹಳದಿಯಾಯಿತು. ಮರುದಿನ ಮೂರು. ಒಂದು ದಂಟು ಬುಡದಲ್ಲಿ ಮೆತ್ತಗಾಗಿ ಓರೆಯಾಗಿ ಗೋಡೆಗೆ ಒರಗಿತು. ರತ್ನಮಾಲಾಳಿಗೆ ಮೊದಲು ಆದದ್ದು ಸಂತೋಷ. ಮೈಯೆಲ್ಲ ಹಗುರಾಗುವಂಥ, ಬೇರೆಯವರ ಮನೆಯ ಜಗಳ ಕಿಟಕಿಯಿಂದ ಕೇಳುವಾಗ ಆಗುವಂಥ ಸಂತೋಷ. ಪುಣೆಯಿಂದ ಬಂದ ಮೇಡಮ್ಮರ ಮುಖ ಹೇಗಾಗುತ್ತದೆಂದು ಅವಳು ಕಾಯಿಪಲ್ಯ ಹೆಚ್ಚುತ್ತ ನೆನೆಸಿಕೊಂಡಳು. ಆಮೇಲೆ ವಾಸನೆ ಬಂತು. ಬಗ್ಗಿ ಮಣ್ಣಿಗೆ ಬೆರಳು ಹಾಕಿದರೆ ಕೆಸರು, ಬೆರಳು ಎರಡನೆಯ ಗಿಣ್ಣಿನ ತನಕ ಇಳಿಯಿತು. ಅವಳು ಹಾಕಿರಲಿಲ್ಲ. ಮನೆಯಲ್ಲಿ ಇರುವವರು ಇಬ್ಬರೇ. ಮಧ್ಯಾಹ್ನ ಮಲಗಿದವಳಂತೆ ಕಣ್ಣು ಮುಚ್ಚಿಕೊಂಡು ಕಾದಳು. ದ್ರೌಪತಿ ಸದ್ದಾಗದಂತೆ ಎದ್ದು ಕೊಡದ ಮುಚ್ಚಳ ತೆಗೆದಳು, ತಂಬಿಗೆ ತುಂಬಿದಳು, ತುಳುಕುವಷ್ಟು. ಸಿಲಿಂಡರು ಸರಿಸಿ, ಕಷ್ಟಪಟ್ಟು ಮೊಣಕಾಲೂರಿ ಕೂತು, ಗಿಡಕ್ಕೆ ಹೊಯ್ಯತೊಡಗಿದಳು. ಹೊಯ್ಯುತ್ತ ಏನೋ ಮಾತಾಡುತ್ತಿದ್ದಳು. "ಕುಡಿಯವ್ವಾ ಕುಡಿ. ಬಾಯಿಲ್ಲ ನಿನಗ, ಅದಕ್ಕ ಮ್ಯಾಲಿಂದ ಹಾಕಾಕತ್ತೇನಿ. ತಪ್ಪು ತಿಳೀಬ್ಯಾಡ."

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಇನ್ನು ಒಂದು ವಾರ ಕಣ್ಣು ಮುಚ್ಚಿಕೊಂಡು ಮಲಗಿದ್ದರೆ ಸಾಕಿತ್ತು, ಸೇಡು ತೀರುತ್ತಿತ್ತು, ಅವಳ ಕೈಗೆ ಏನೂ ಅಂಟುತ್ತಿರಲಿಲ್ಲ. ಆದರೆ ಅವಳಿಗೆ ಹುಮನಾಬಾದಿನ ಸ್ಟಾಫ್‌ರೂಮು ಕಂಡಿತು, ಮೇಡಮ್ಮರ ದನಿ ಕೇಳಿಸಿತು: ಅವರ ಕೈಗಿ ಕೊಟ್ಟಿದ್ದು ನಂದೇ ತಪ್ಪರಿ. ಅಲ್ಲಿ 'ಅವರು' ಎನ್ನುವುದು ಇವಳೊಬ್ಬಳಿಗಲ್ಲ. ಮೊಣಕಾಲೂರಿ ಕೂತ ಈ ಮುದುಕಿಗೂ ಸೇರಿಸಿ. ಅವಳು ಎದ್ದು ಓಡಿ ಬಂದವಳೇ, "ಅವ್ವಾ, ನೀರ ಹಾಕಬ್ಯಾಡ! ನೀ ಮುಟ್ಟಬ್ಯಾಡ ಅದನ್ನ, ಸರಿ ಹಿಂದಕ್ಕ!" ಎಂದು ಕೂಗಿದಳು. ತಂಬಿಗೆಯನ್ನು ಕೈಯಿಂದ ಕಸಿದುಕೊಂಡಳು. ನೀರು ದ್ರೌಪತಿಯ ಮಡಿಲಿಗೆ ಚೆಲ್ಲಿತು. ದ್ರೌಪತಿ ಮಗಳನ್ನು ನೋಡಿದಳು, ಗಿಡವನ್ನು ನೋಡಿದಳು, ಆಮೇಲೆ ತನ್ನ ಕೈಗಳನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡಳು.

"ಯಾಕ? ನನ್ನ ಕೈ ನೀರು ಆಗೂದಿಲ್ಲೇನ ಇದಕ್ಕ?"

"ಹಂಗಲ್ಲವ್ವಾ. ನೀರು ಹೆಚ್ಚಾದ್ರ ಸಾಯ್ತದ ಇದು."

"ನೀರು ಕುಡುದು ಯಾರರ ಸಾಯ್ತಾರೇನ?" ಎಂದಳು ದ್ರೌಪತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳುವ ದನಿಯೇ ಆಗಿತ್ತು. "ದೊಡ್ಡ ಮೇಡಮ್ಮರ ಗಿಡ, ತಿಳೀತು ಬಿಡು."

ರತ್ನಮಾಲಾ ಗಡ್ಡೆಗಳ ವಿಷಯ ಹೇಳಿದಳು, ಧ್ವನಿಸಂದೇಶ ಕೇಳಿಸಲು ಮೊಬೈಲು ತಂದಳು, ಹುಡುಗಿಯರಿಗೆ ಹೇಳುವಂತೆ ಬೆರಳು ಮಾಡಿ ವಿವರಿಸಿದಳು. ದ್ರೌಪತಿ ಒದ್ದೆ ಸೀರೆಯಲ್ಲೇ ಹೋಗಿ ಬಾಗಿಲ ಬಳಿ ಕೂತು ಜೋಳದ ಮೊರ ಎಳೆದುಕೊಂಡಳು. ಮುಟ್ಟಬ್ಯಾಡ. ಸರಿ ಹಿಂದಕ್ಕ. ಬಾವಿಕಟ್ಟೆಯ ಮೇಲಿನವರ ಅದೇ ಮಾತುಗಳು, ಅದೇ ಕ್ರಮದಲ್ಲಿ ಅವಳ ಬಾಯಿಯಿಂದ ಎಷ್ಟು ಸರಾಗವಾಗಿ ಬಂದವು! ಯಾರೂ ಕಲಿಸಿರಲಿಲ್ಲ. ಮೇಡಂ ಕೂಡ ಇಷ್ಟು ಬಿಚ್ಚಿ ಎಂದವರಲ್ಲ, ಹೈಜೀನ್ ಎಂದಿದ್ದರು. ಅಂದಿನಿಂದ ದ್ರೌಪತಿ ಮಾತು ಬಿಡಲಿಲ್ಲ, ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ಮಗಳಿಗೆ ನೀರು ಕೊಡುವುದನ್ನು ನಿಲ್ಲಿಸಿದಳು. ಊಟಕ್ಕೆ ಕೂತಾಗ ತಂಬಿಗೆ ಬರುತ್ತಿರಲಿಲ್ಲ. ರತ್ನಮಾಲಾ ತಾನೇ ಎದ್ದು ತುಂಬಿಕೊಂಡು ಬಂದು ಕೂರುತ್ತಿದ್ದಳು.

ಶಾಲೆ ಸುರುವಾಗುವುದಕ್ಕೆ ಎರಡು ದಿನ ಮೊದಲು ಅವಳು ಹಳೆಯ ಪೇಪರು ಹಾಸಿ ಕುಂಡವನ್ನು ಬೋರಲು ಹಾಕಿದಳು. ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತೇ ಇರಲಿಲ್ಲ. ಗಡ್ಡೆಗಳು ಕೊಳೆತು ಕೈಯಲ್ಲಿ ಹಿಡಿದರೆ ಹಿಸುಕಿ ಹೋಗುತ್ತಿದ್ದವು. ಏಳು ದಂಟುಗಳೂ ಬುಡದಿಂದ ಕಳಚಿಕೊಂಡು ಬಂದವು. ಉಳಿದದ್ದು ಆ ಹೊಸ ಚಿಗುರು ಒಂದೇ, ಅದಕ್ಕೆ ಅಂಟಿಕೊಂಡ ಸುಪಾರಿ ಗಾತ್ರದ ಗಟ್ಟಿ ಗಡ್ಡೆ ಒಂದು. ನೀರಡಿಕೆಯಲ್ಲಿ ಹುಟ್ಟಿದ್ದೊಂದೇ ಬದುಕಿತ್ತು. ಅರ್ಧ ಕಪ್ಪಾಗಿ ಅರ್ಧ ಹಸಿರಾಗಿ ಅದು ಅವಳ ಅಂಗೈಯಲ್ಲಿ ಮಲಗಿತ್ತು. ಇದನ್ನು ಯಾವುದರಲ್ಲಿ ನೆಡುವುದೆಂದು ಮನೆಯೆಲ್ಲ ನೋಡಿದಳು. ಹಾಗೆ ನೋಡುತ್ತ ನಿಂತಾಗಲೇ ಏನು ಮಾಡಬೇಕೆಂದು ಅವಳಿಗೆ ಹೊಳೆಯಿತು; ಎಷ್ಟು ಸ್ಪಷ್ಟವಾಗಿ ಹೊಳೆಯಿತೆಂದರೆ ಮೂರು ವರ್ಷ ಅದು ಕಪಾಟಿನಲ್ಲೇ ಕಾದು ಕೂತಿತ್ತೆನಿಸಿತು. ಸ್ಟೂಲು ಹತ್ತಿ ಸರ್ಟಿಫಿಕೇಟುಗಳ ಹಿಂದಿನಿಂದ ಪೇಪರ್ ಕಪ್ ತೆಗೆದಳು. ಒಣ ಮಣ್ಣು ತುಂಬಿದಳು. ಚಿಗುರು ನೆಟ್ಟಳು. ನೀರು ಹಾಕಲಿಲ್ಲ. ದ್ರೌಪತಿ ಬಾಗಿಲಿಂದ ನೋಡುತ್ತಿದ್ದವಳು, "ಅದೇನು ಕಪ್ಪದು? ಇಷ್ಟ ದಿನ ಯಾಕ ಇಟ್ಟಿದ್ದಿ?" ಎಂದು ಕೇಳಿದಳು. ರತ್ನಮಾಲಾ ಕೈಯ ಮಣ್ಣು ಒರೆಸಿಕೊಳ್ಳುತ್ತ ಮೂರೇ ಮಾತಿನಲ್ಲಿ ಹೇಳಿದಳು. ದ್ರೌಪತಿ ಕೇಳಿಸಿಕೊಂಡಳು. "ಕುಡದಿ?" ಎಂದಷ್ಟೇ ಕೇಳಿದಳು. "ಕುಡದೆ" ಎಂದಳು ಮಗಳು.

ಹುಮನಾಬಾದಿನ ಬಸ್ಸಿನಲ್ಲಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಕಂಡಕ್ಟರ್ ಈ ಸಲ ಗಿಡಕ್ಕೆ ಟಿಕೆಟ್ ಕೇಳಲಿಲ್ಲ. ಹೆಡ್‌ಮೇಡಮ್ಮರ ಕೋಣೆಯಲ್ಲಿ ಎಲ್ಲರೂ ನಿಂತಿದ್ದರು, ಮೊಮ್ಮಗನ ಪೇಢೆ ಹಂಚುವುದು ನಡೆದಿತ್ತು. ಮೇಘಾಳಿಗೆ, ಬೇರೆಯವರಿಗೆ ಡಬ್ಬಿಯನ್ನೇ ಚಾಚಿದರು. ರತ್ನಮಾಲಾ ಬಂದಾಗ ತಾವೇ ಎರಡು ಬೆರಳಲ್ಲಿ ಒಂದನ್ನು ಎತ್ತಿ, ಅವಳ ಅಂಗೈಗೆ ಮೇಲಿಂದ ಬೀಳಿಸಿದರು. ಅವಳು ಪೇಢೆಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಕಪ್ ಇಟ್ಟಳು. ಬಾಯಿ ಎಲ್ಲಿ ತನಗಿಂತ ಮುಂಚೆ ಓಡಿಹೋಗಿ "ಅಭಿನಂದನೆ ಮೇಡಂ" ಎಂದುಬಿಡುತ್ತದೋ ಎಂದು ಅವಳಿಗೆ ಭಯವಾಗಿತ್ತು. ಓಡಲಿಲ್ಲ.

"ನಿಮ್ಮ ಗಿಡರಿ ಮೇಡಂ."

"ಅಯ್ಯ! ಇಷ್ಟೇ ಉಳೀತೇನ್ರಿ? ಪಿಂಗಾಣಿ ಗಮ್ಲಾ ಎಲ್ಲದ? ಇದ್ಯಾಕ ಪೇಪರ್ ಕಪ್‌ನಾಗ ತಂದೀರಿ?"

"ಗಮ್ಲಾ ತೊಳದು ತರ್ತೀನ್ರಿ. ನಾ ದಿನಾ ಬಸ್ಸಿನಾಗ ಅಡ್ಡಾಡ್ತೀನಲ್ರಿ, ಅದಕ್ಕ ಪೇಪರ್ ಕಪ್. ಹೈಜೀನ್."

ಯಾರೋ ನಕ್ಕರು, ನಕ್ಕವರು ಬೇರೆಯವರು ನಗದ್ದು ನೋಡಿ ನಿಲ್ಲಿಸಿದರು. ಮೇಘಾ ಪೇಢೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಿಡಿದುಕೊಂಡೇ ನಿಂತಳು. ರತ್ನಮಾಲಾ ಕಪ್ಪನ್ನು ಒಂದಿಷ್ಟು ಓರೆ ಮಾಡಿ ತಳದ ಕಂದು ಉಂಗುರ ತೋರಿಸಿದಳು. "ಇದರಾಗೇ ನೀವು ನನಗ ಛಾ ಕೊಟ್ಟಿದ್ರಿ. ಛಾ ಭಾಳ ಛಲೋ ಆಗ್ಯಾದ ಅಂತ ಹೇಳಿದ್ದೆ. ಸುಳ್ಳು ಹೇಳಿದ್ದೆ ಮೇಡಂ. ಛಲೋ ಆಗಿರಲಿಲ್ಲ. ಅದಿಷ್ಟು ವಾಪಸ್ ತೊಗೊಂಡು ಹೋಗಾಕ ಬಂದೀನಿ."

"ಯಾವ ಛಾ, ಯಾವ ಕಪ್ಪರಿ? ನನಗ ಏನೂ ನೆನಪಿಲ್ಲ," ಎಂದರು ರಾಜೇಶ್ವರಿ ಮೇಡಂ. ಕಿವಿಯ ತನಕ ಕೆಂಪೇರಿದ್ದರು. "ಮನಿ ತುಂಬ ಮಂದಿ ಆವತ್ತ, ಯಾರ್ಯಾರಿಗಿ ಯಾವುದರಾಗ ಕೊಟ್ರೋ..."

ಆವತ್ತು ಎಂದರೆ ಯಾವತ್ತೆಂದು ರತ್ನಮಾಲಾ ಹೇಳಿರಲಿಲ್ಲ. ಅದನ್ನು ಮೇಡಂ ಗಮನಿಸಿದರು, ಮೇಘಾ ಗಮನಿಸಿದಳು, ಬಾಗಿಲಲ್ಲಿ ಚಹದ ಟ್ರೇ ಹಿಡಿದು ನಿಂತ ಅಮೋಘಸಿದ್ದಪ್ಪನೂ ಗಮನಿಸಿದ. "ನೀರು ಹಾಕಬ್ಯಾಡ್ರಿ ಅದಕ್ಕ" ಎಂದು ಹೇಳಿ ಅವಳು ತನ್ನ ಕ್ಲಾಸಿಗೆ ಹೋದಳು.

ಇಡೀ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಟನೆಯವರಿಗೆ ಒಂಬತ್ತನೆಯವರ ಪಾಠ ಮಾಡಿದಳು. ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು, ಜೀವನದಲ್ಲಿ ಇಷ್ಟು ಸಿಹಿಯಾದದ್ದು ಅವಳು ತಿಂದಿರಲಿಲ್ಲ. ನಾಳೆ ಮೇಡಂ ಏನಾದರೂ ಮಾಡುತ್ತಾರೆ, ಎಂಟು ಪೀರಿಯಡ್ಡು ಕೊಡುತ್ತಾರೆ, ರಜೆ ಕೊಡುವುದಿಲ್ಲ, ಕೊಡದಿರಲಿ. ಸಂಜೆ ಬಸ್ಸು ಬಿಸಿಲಲ್ಲಿ ಕಾದ ಹಂಚಿನಂತಿತ್ತು, ಬೆಳಗಿನಿಂದ ಏನೂ ಕುಡಿದಿಲ್ಲವೆಂದು ರಾಜೇಶ್ವರ ಗ್ರಾಮ ದಾಟಿದ ಮೇಲೆ ನೆನಪಾಯಿತು. ಗಂಟಲು ಒಣಗಿ ನಾಲಗೆ ಅಂಟುತ್ತಿತ್ತು. ಪಕ್ಕದ ಹೆಂಗಸು ಬಾಟಲಿ ಮುಂದೆ ಮಾಡಿದಳು. ಬೇಡವೆಂದಳು. ಮೊದಲ ನೀರು ಮನೆಯಲ್ಲಿಯೇ, ಅವ್ವನ ಕೈಯಿಂದಲೇ ಕುಡಿಯಬೇಕೆಂದು ಅವಳಿಗೆ ಹಟ ಬಂದಿತ್ತು.

ದ್ರೌಪತಿ ಬಾಗಿಲ ಬಳಿಯೇ ಕೂತಿದ್ದಳು. ತೊಳೆದಿಟ್ಟ ಬಿಳಿ ಕುಂಡ ಬೋರಲಾಗಿ ಬಿಸಿಲಿಗೆ ಒಣಗುತ್ತಿತ್ತು. "ಹೇಳಿದೆ ಅವ್ವಾ, ಎಲ್ಲಾರ ಮುಂದ ಹೇಳಿದೆ," ಎಂದಳು ರತ್ನಮಾಲಾ. ದ್ರೌಪತಿ ತಲೆಯಾಡಿಸಿದಳು. "ಛಲೋ ಆತು ಬಿಡು."

"ನೀರ ಕೊಡವ್ವಾ."

"ಕೊಡ ಅಲ್ಲೇ ಅದ. ತೊಗೋ."

ರತ್ನಮಾಲಾ ಒಳಗೆ ಹೋಗಲಿಲ್ಲ. ಚಪ್ಪಲಿ ಕೂಡ ಬಿಡದೆ ಹೊಸ್ತಿಲಿನ ಕೆಳಗೆ, ತಾಯಿಯ ಎದುರಿಗೆ, ಹಾಗೇ ಕುಕ್ಕರಗಾಲಲ್ಲಿ ಕೂತಳು. ಅವತ್ತು 'ಮುಟ್ಟಬ್ಯಾಡ' ಎಂದದ್ದಕ್ಕೆ ಏನು ಸಮಜಾಯಿಷಿ ಹೇಳಿದರೂ ಅವ್ವ ನಂಬುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡೂ ಅಂಗೈ ಕೂಡಿಸಿ, ಬಾಯಿಗೆ ಹಚ್ಚಿ, ಬಗ್ಗಿದಳು. "ತಪ್ಪಾತವ್ವಾ. ನೀನೇ ಹಾಕು."

ಆ ಕೈಗಳ ಮೇಲೆ ಏಟು ಬಿತ್ತು. ಅರವತ್ತೆಂಟು ವರ್ಷದ ಕೈಯಲ್ಲಿ ಅಷ್ಟು ಬಲವಿದೆಯೆಂದು ರತ್ನಮಾಲಾಳಿಗೆ ಗೊತ್ತಿರಲಿಲ್ಲ. ಬಳೆ ಒಡೆದು ಮಣಿಕಟ್ಟು ಗೀರಿತು. "ಕೈ ಹಂಗ ಹಿಡೀಬ್ಯಾಡ!" ದ್ರೌಪತಿ ಎದ್ದು ನಿಂತಿದ್ದಳು. "ಯಾರ ಮುಂದೂ ಹಿಡೀಬ್ಯಾಡ! ನನ್ನ ಮುಂದೂ ಹಿಡೀಬ್ಯಾಡ! ಇದನ್ನ ನೋಡಾಕ ನಿನಗ ಸಾಲಿ ಕಲಿಸೀನೇನ?" ಒಳಗೆ ಹೋದಳು. ಕೊಡದ ಮುಚ್ಚಳ ನೆಲಕ್ಕೆ ಬಿದ್ದ ಸದ್ದಾಯಿತು. ತಂಬಿಗೆ ತುಂಬಿ, ತುಳುಕುವಷ್ಟು ತುಂಬಿ, ದಾರಿಯುದ್ದಕ್ಕೂ ಚೆಲ್ಲುತ್ತ ಬಂದು ಮಗಳ ಕೈಗೆ ಒತ್ತಿದಳು.

"ಕಚ್ಚಿ ಕುಡಿ."

ರತ್ನಮಾಲಾ ತಂಬಿಗೆಗೆ ತುಟಿಯಿಟ್ಟು ಕುಡಿದಳು. 'ಸಾಕು' ಎನ್ನುವಂತೆ ತಲೆಯೆತ್ತಿದಾಗ ದ್ರೌಪತಿ ಇನ್ನೂ ಎದುರಿಗೇ ನಿಂತಿದ್ದಳು, ತಂಬಿಗೆ ಖಾಲಿಯಾಗುವ ತನಕ ಸರಿಯಲಿಲ್ಲ.